ಶೆಡ್ಡಿಗೆ ಬಂಗಾರ ತರಬಾರದು

ಕ್ಯಾಸಂಬಳ್ಳಿ ದಾರಿಯಲ್ಲಿದ್ದ ಹಳೇ ರೇಷ್ಮೆಹುಳು ಶೆಡ್ಡನ್ನು ಒಂದು ಸಣ್ಣ ಕಂಪನಿ ಬಾಡಿಗೆಗೆ ಹಿಡಿದಿತ್ತು. ಸುತ್ತಲ ದಿಣ್ಣೆಗಳಲ್ಲಿ ಬೋರು ಕೊರೆದು, ನೀರಿನ ಬದಲು ಉದ್ದುದ್ದ ಕಲ್ಲಿನ ಕೋಲು ಎತ್ತುವ ಕಂಪನಿ. ಆ ಕೋಲನ್ನು ಸೀಳಿ, ಅರ್ಧ ಭಾಗ ಚೀಲಕ್ಕೆ ತುಂಬಿ ಲ್ಯಾಬಿಗೆ ಕಳಿಸಿದರೆ, ಬಂಗಾರವೋ ತಾಮ್ರವೋ ಬರೀ ಕಲ್ಲೋ ಅಂತ ಅಲ್ಲಿ ಹೇಳುತ್ತಾರೆ. ಚೀಲ ತುಂಬುವ ಕೆಲಸ ಸುಮಲತಳಿಗೆ ಸಿಕ್ಕಿತ್ತು. ಸಿಕ್ಕಿತ್ತು ಅಂದರೆ, ಹೊಸಲಿನ ತನಕ ಬಂದು ನಿಂತಿತ್ತು.

ಇದು ಕೈಗೆ ಬಂದರೆ ಗಾರ್ಮೆಂಟ್ಸಿಗೆ ಅಂತ ಕತ್ತಲಲ್ಲೆದ್ದು ಬಂಗಾರಪೇಟೆಗೆ ಓಡಿ, ರೈಲಿನಲ್ಲಿ ಒಂಟಿಕಾಲಲ್ಲಿ ನಿಲ್ಲುವುದು ತಪ್ಪುತ್ತಿತ್ತು. ಆದರೆ ಕಂಪನಿಯ ಅರ್ಚನ ಮೇಡಂ ಒಂದು ಮಾತು ಹೇಳಿದ್ದಳು: "ಮೈಮೇಲೆ ಚೂರೂ ಬಂಗಾರ ಇರಬಾರದು ಕಣಮ್ಮ. ತಾಳಿನೂ ಸೇರಿ. ಹಿಂದೊಂದು ಸಲ ಯಾರದ್ದೋ ಉಂಗುರ ಕಲ್ಲಿಗೆ ಉಜ್ಜಿ, ಲ್ಯಾಬಲ್ಲಿ ಬಂಗಾರ ಅಂತ ಬಂದು, ಸ್ವೀಟು ಹಂಚಿಬಿಟ್ವಿ. ಆಮೇಲೆ ನೋಡಿದ್ರೆ ಅದು ಉಂಗುರದ್ದು! ನಾಳೆ ಬೆಳಿಗ್ಗೆ ಹೇಳಿ. ಆಗಲ್ಲ ಅಂದ್ರೆ ಬೇರೆಯವರನ್ನ ತಗೋತೀನಿ."

ಮನೆಯಲ್ಲಿ ಅತ್ತೆ ಆದಿಲಕ್ಷ್ಮಮ್ಮ ಹಸು ಕರೆಯುತ್ತಿದ್ದವಳು ಇದನ್ನು ಕೇಳಿ ಚೊಂಬು ಹಿಡಿದೇ ಎದ್ದಳು.

"ತಾಳಿ ತೆಗಿಯಾದಾ? ನನ್ ಮಗ ಗುಂಡ್ಕಲ್ಲಂಗವ್ನೆ! ಬಂಗಾರ ಉಡುಕೋರಿಗೆ ಬಂಗಾರ ಕಂಡ್ರೆ ಆಗಲ್ವಂತಾ? ಎಂಥಾ ಕಂಪ್ನೀನೇ ಅದು!"

ಜಗಲಿ ಮೇಲೆ ಕೂತಿದ್ದ ಮಾವ ಮುನಿಸ್ವಾಮಪ್ಪ ಊರಿಗಾಂ ಬಂಗಾರದ ಗಣಿಯಲ್ಲಿ ಇಳಿದು ಹತ್ತಿ ತಲೆ ನರೆಸಿಕೊಂಡವನು. ಅವನಿಗೆ ನಗು ತಡೆಯಲಾಗಲಿಲ್ಲ.

"ನಮ್ಮುನ್ನ ಗಣಿಯಿಂದ ಈಚೆಗೆ ಬರುವಾಗ ತಡಕ್ತಿದ್ರು, ಬಾಯೊಳಗೂ ನೋಡ್ದೆ ಬಿಡ್ತಿರ್ಲಿಲ್ಲ. ಇವಳನ್ನ ಒಳಕ್ಕೆ ಓಗುವಾಗ ತಡಕ್ತಾರಂತೆ! ಕಾಲ ತಿರುಗ್ತು ಕಣಮ್ಮ ಸುಮ."

"ನಗ್ರೀ ನಗ್ರಿ. ತಾಳಿ ತೆಗೆದ್ರೆ ಗಂಡನಿಗೆ ಏನಾಗ್ತೈತೋ ನಿಮಗೇನು ಗೊತ್ತು?"

"ಗೊತ್ತಿಲ್ದೆ ಏನು? ನಿನ್ ತಾಳಿ ಗುಂಡು ಸವೀತು ಅಂತ ಬಂಗಾರಪೇಟೆ ಆಚಾರಿ ಅತ್ರ ಕೊಟ್ಯಲ್ಲ. ಆ ಪುಣ್ಯಾತ್ಮ ಇವತ್ತು ನಾಳೆ ಅಂತ ಯುಗಾದಿ ಕಳ್ದು ಗೌರಿಹಬ್ಬ ತಂದ. ಅಷ್ಟು ದಿನ ನನಗೇನಾಯ್ತು? ಇಲ್ಲೇ ಕುಂತಿವ್ನಿ, ನಿನ್ ಕೈಲಿ ಬೈಸ್ಕಂತಾ."

"ಆಗೇನು ಬರೀ ಕತ್ತಲಿದ್ನಾ ನಾನು? ಅರಿಶಿನದ ಕೊಂಬು ಕಟ್ಕಂಡಿ—"

ಆದಿಲಕ್ಷ್ಮಮ್ಮ ಅಲ್ಲೇ ನಿಂತಳು. ಹಾಲಿನ ನೊರೆ ಚೊಂಬಿನಂಚಿಗೆ ಬಂದು ಕಾಲಮೇಲೆ ತೊಟ್ಟಿಕ್ಕಿತು. ಸುಮಲತ ಚೊಂಬಿಗೆ ಕೈಯೊಡ್ಡಿದಳು. ಮಾವ ಮಾತ್ರ, ತನಗೇನೂ ಗೊತ್ತಿಲ್ಲದವನ ಹಾಗೆ, ಬೀಡಿ ಹುಡುಕತೊಡಗಿದ.

"ಅಂಗೆ ಮಾಡ್ಬೌದು ಅಂತ ಇಬ್ರೂ ಮೊದ್ಲೇ ಏಳಬಾರದಿತ್ತಾ?" ಎಂದು ಅತ್ತೆ ರೇಗಿದಳು.

ಬೆಳಿಗ್ಗೆ ಹೊಸ ದಾರಕ್ಕೆ ಅರಿಶಿನ ಹಚ್ಚಿ, ಗಟ್ಟಿ ಕೊಂಬೊಂದನ್ನು ಆರಿಸಿ, ಸೊಸೆಯ ಕೊರಳಿಗೆ ತಾನೇ ಕಟ್ಟಿದಳು. ಬಿಚ್ಚಿದ ತಾಳಿಯನ್ನು ದೇವರ ಮುಂದೆ ಅಕ್ಕಿಯ ಬಟ್ಟಲಲ್ಲಿಟ್ಟು, "ಸಂಜೆ ಬಂದು ಕೈಕಾಲು ತೊಳ್ಕಂಡು ನನ್ನನ್ನೇ ಕೂಗು, ನಾನೇ ಆಕ್ತೀನಿ" ಎಂದಳು.

ಶೆಡ್ಡಿನ ಬಾಗಿಲಲ್ಲಿ ಅರ್ಚನ ಕೊಂಬನ್ನು ನೋಡಿ ಒಂದು ಗಳಿಗೆ ಯೋಚಿಸಿದಳು. "ರವಿಕೆ ಒಳಗೆ ಸೇರಿಸ್ಕೊಳ್ಳಿ, ಪುಡಿ ಉದುರಬಾರದು. ಅರಿಶಿನದಲ್ಲಿ ಬಂಗಾರ ಇದೆ ಅಂತ ಯಾವ ಲ್ಯಾಬೂ ಹೇಳಲ್ಲ ಬಿಡಿ. ಬನ್ನಿ ಒಳಗೆ."

ಮಧ್ಯಾಹ್ನ ಶೆಡ್ಡಿನ ಗೇಟಿನಾಚೆ ಗಲಾಟೆ. ಮುದ್ದೆ, ಸೊಪ್ಪಿನ ಸಾರು ಹೊತ್ತು ಬಂದ ಆದಿಲಕ್ಷ್ಮಮ್ಮನನ್ನು ಕಾವಲುಗಾರ ತಡೆದಿದ್ದ.

"ಗೊತ್ತು ಕಣಪ್ಪ! ಓಲೆ, ಮೂಗುಬೊಟ್ಟು, ತಾಳಿ, ಎಲ್ಲಾ ಐತೆ. ನಾನು ಒಳಕ್ಕೆ ಬರಲ್ಲ," ಎಂದು ಬೇವಿನ ನೆರಳಲ್ಲಿ ಚಕ್ಕಳಮಕ್ಕಳ ಕೂತು ಒಳಕ್ಕೆ ಕೂಗಿದಳು: "ಲೇ ಸುಮಾ, ಬಂಗಾರ ಸಿಕ್ತೇನೇ?"

"ಇಲ್ಲ ಅತ್ತೆ, ಬರೀ ಕಲ್ಲು!"

"ಸಿಕ್ದಿದ್ರೆ ಸಾಯ್ಲಿ. ಮುದ್ದೆ ಬಿಸಿಯಾಗೈತೆ, ಬಾ."