ಕಾಯುವವರ ದಿನಗೂಲಿ

ನನ್ನ ಗಂಡ ಮೂವತ್ತೆರಡು ವರ್ಷ ಫ್ರಿಜ್ ರಿಪೇರಿ ಮಾಡಿದವರು. ಸತ್ತ ಮೇಲೆ ಅವರ ದೇಹವನ್ನು ಹೆಪ್ಪುಗಟ್ಟಿಸಿ ಇಡಿಸುತ್ತೇನೆ ಎಂದಾಗ ಕೆಮ್ಮುತ್ತಲೇ ನಕ್ಕರು.

"ಫ್ರೀಜರಿನಿಂದ ತೆಗೆದ ಟೊಮೆಟೊ ಹೇಗಿರತ್ತೆ ಅಂತ ನೋಡಿದ್ದೀಯಲ್ಲ ಮಾರಾಯ್ತಿ?"

"ನೀವೇನು ಟೊಮೆಟೊನಾ? ಸುಮ್ನೆ ಸಹಿ ಹಾಕಿ."

ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಅವರಿಗೆ ಗೊತ್ತು. ಹಾಕಿದರು. ಕಂಪನಿ ಇರುವುದು ಬೇರೆ ದೇಶದಲ್ಲಿ. ಕಾಯಿಲೆಗೆ ಮದ್ದು ಸಿಗುವ ಕಾಲದವರೆಗೆ ದೇಹವನ್ನು ಕಾಪಾಡುತ್ತಾರಂತೆ, ಆಮೇಲೆ ಎಬ್ಬಿಸುತ್ತಾರಂತೆ. ನಾನು ಪೂರ್ತಿ ನಂಬಿದ್ದೆನೆಂದು ಹೇಳಲಾರೆ. ಮುಳುಗುವವಳಿಗೆ ಹುಲ್ಲುಕಡ್ಡಿಯೂ ಆಸರೆ. ನನ್ನ ಟೈಲರಿಂಗ್ ಅಂಗಡಿಯನ್ನು ಹೊಲಿಗೆ ಯಂತ್ರಗಳ ಸಮೇತ ಮಾರಿದೆ.

ಸದಸ್ಯತ್ವಕ್ಕೆ, ವಿಮಾನಕ್ಕೆ, ಕಾಗದಪತ್ರಕ್ಕೆ ಕೊಟ್ಟದ್ದು ಒಂದು ಕಡೆ. ಉಸಿರು ನಿಂತ ಕೆಲವೇ ನಿಮಿಷಗಳಲ್ಲಿ ದೇಹವನ್ನು ತಂಪು ಮಾಡಬೇಕಲ್ಲ, ಅದಕ್ಕೆ ಆ ದೇಶದಿಂದ ಇಬ್ಬರು ಬಂದು ಮನೆಯಲ್ಲೇ ಕಾಯಬೇಕು. ಅವರಿಗೆ ದಿನದ ಲೆಕ್ಕ. ಡಾಕ್ಟರು ನಾಲ್ಕೈದು ದಿನ ಎಂದಿದ್ದರು. ನನ್ನಲ್ಲಿ ಉಳಿದಿದ್ದ ಹಣದಲ್ಲಿ ಏಳು ದಿನಕ್ಕೆ ಕಟ್ಟಿದೆ.

ಅವರು ಬಂದು ಬಚ್ಚಲುಮನೆಯ ತುಂಬ ಐಸಿನ ಪೆಟ್ಟಿಗೆ ಜೋಡಿಸಿದರು. ಒಳ್ಳೆಯ ಜನ, ಜೋರಾಗಿ ಮಾತೂ ಆಡುತ್ತಿರಲಿಲ್ಲ. ಹಾಲಿನ ಸೋಫಾದಲ್ಲಿ ಕೂತು, ಗಂಟೆಗೊಮ್ಮೆ ಎದ್ದು ಬಂದು ಇವರ ನಾಡಿ ನೋಡುತ್ತಿದ್ದರು.

ಐದನೆಯ ದಿನ ಇವರು ತಾವಾಗಿಯೇ ಎದ್ದು ಕೂತು, "ರೇಡಿಯೋ ಹಾಕೇ," ಎಂದರು. ಮುಚ್ಚಿಡುವುದೇನು, ಹೇಳಿಬಿಡುತ್ತೇನೆ: ನಾನು ಅವರ ಮುಖ ನೋಡುವ ಮೊದಲು ಗೋಡೆಯ ಕ್ಯಾಲೆಂಡರ್ ನೋಡಿದೆ. ನೋಡಿದ್ದನ್ನು ಅವರು ನೋಡಿದರು.

"ಕರೆಸಿದ ಮೇಲೆ ಕೆಲಸ ಇರ್ಲಿ ಬಿಡ್ಲಿ, ಮೆಕ್ಯಾನಿಕ್ಕಿಗೆ ವಿಸಿಟಿಂಗ್ ಚಾರ್ಜ್ ಕೊಡ್ಲೇಬೇಕು ಕಣೇ," ಎಂದರು. ತಮಾಷೆ ಎಂದುಕೊಂಡು ನಾನೂ ನಕ್ಕೆ.

ಏಳನೆಯ ದಿನ ಬೆಳಿಗ್ಗೆ ಒಗೆಯಲೆಂದು ದಿಂಬಿನ ಕವರ್ ಎಳೆದೆ. ಒಣಗಿದ ಬ್ರೆಡ್ಡಿನ ತುಂಡುಗಳು, ಎರಡು ದಿನದ ಮಾತ್ರೆಗಳು ನೆಲಕ್ಕೆ ಉದುರಿದವು.

"ಏನ್ರೀ ಇದು?"

ಅವರು ಕಿಟಕಿಯ ಕಡೆ ತಿರುಗಿದರು. "ಇವತ್ತು ಕೊನೇ ದಿನ ಅಲ್ವಾ? ನಾಳೆಯಿಂದ ದುಡ್ಡು ಎಲ್ಲಿಂದ ತರ್ತೀಯ? ಇವತ್ತೇ ಮುಗಿದ್ರೆ ನಿನ್ನ ಅಂಗಡಿ ಮಾರಿದ್ದು ದಂಡ ಆಗಲ್ಲ ಅಂತ…"

"ಬುದ್ಧಿ ಎಲ್ಲಿ ಅಡವಿಟ್ಟಿದ್ದೀರಿ!" ಎಂದು ಬೈದೆ. ಬೈಯುತ್ತಲೇ ಅತ್ತೆ. ಅಡವಿಟ್ಟವಳು ನಾನೇ ಅಲ್ಲವೇ. ಹಾಲಿಗೆ ಹೋಗಿ ಇಬ್ಬರಿಗೂ, ಹೊರಡಿ ಎಂದೆ. ಕಟ್ಟಿದ ಹಣ ವಾಪಸ್ಸಿಲ್ಲ, ಮತ್ತೆ ಕರೆದರೆ ಬರುವುದಿಲ್ಲ ಎಂಬ ಕಾಗದ ಮುಂದಿಟ್ಟರು. ಓದಿ ಸಹಿ ಹಾಕಿದೆ. ಐಸನ್ನು ಬಚ್ಚಲಿಗೆ ಸುರಿದು ಹೋದರು, ಅದು ಕರಗಲು ಸಂಜೆಯಾಯಿತು.

ಆಮೇಲೆ ಇವರು ಹನ್ನೊಂದು ದಿನ ಇದ್ದರು. ಚಹಾ ನೀರಾಗಿದೆ ಎಂದು ಜಗಳ ತೆಗೆದರು. ಮಾತ್ರೆ ನುಂಗಿದ ಮೇಲೆ ಬಾಯಿ ಅಗಲಿಸಿ, ನಾಲಿಗೆ ಎತ್ತಿ ತೋರಿಸುತ್ತಿದ್ದರು. ನಾನು ಕ್ಯಾಲೆಂಡರನ್ನು ಗೋಡೆಯಿಂದ ತೆಗೆದಿಟ್ಟಿದ್ದೆ.

ಹನ್ನೆರಡನೆಯ ಬೆಳಿಗ್ಗೆ ಅವರ ಕೈ ನನ್ನ ಕೈಯೊಳಗೇ ತಣ್ಣಗಾಗತೊಡಗಿತು. ಅದನ್ನು ಬೆಚ್ಚಗೆ ಮಾಡಲು ನಾನು ತುಂಬ ಹೊತ್ತು ಉಜ್ಜುತ್ತಲೇ ಇದ್ದೆ.