ಗಾಜಿನ ಕೋಣೆಯಲ್ಲಿ ಎಳೆದ ಕಮಾನು

ಅಣ್ಣನ ಗೇಟು ಕಾರ್ಖಾನೆಯಲ್ಲಿ ನಕ್ಷೆ ಬರೆಯುತ್ತಿದ್ದವನು ಕೆಲಸ ಬಿಟ್ಟು ಹೋದ ದಿನ, "ಒಂದು ಗೆರೆ ಎಳೆಯೋಕೆ ಅವನೇ ಬೇಕಾ? ನಾನು ಎಳೀತೀನಿ ಬಿಡು" ಎಂದು ಎಲ್ಲರೆದುರು ಅಂದುಬಿಟ್ಟೆ. ಅಣ್ಣ ಆ ಮಾತನ್ನೇ ಹಿಡಿದ. ಮಾರನೇ ಬೆಳಿಗ್ಗೆ ನನ್ನನ್ನು ಕುಲುಮೆಯ ಮುಂದಿನಿಂದ ಎಬ್ಬಿಸಿ ಗಾಜಿನ ಕೋಣೆಗೆ ಕರೆದೊಯ್ದು ಕುರ್ಚಿಯ ಮೇಲೆ ಕೂರಿಸಿದ.

"ಶಾಲೆ ಗೇಟಿನ ಕಮಾನು ಎಳೆ. ಸರಿಯಾಗಿ ಬಂದ್ರೆ ಈ ಕುರ್ಚಿ ಇನ್ನು ನಿಂದೇ. ಬರಲಿಲ್ಲ ಅಂದ್ರೆ ಹೊರಗಿನವರನ್ನ ತರ್ತೀನಿ, ನೀನು ಹೋಗಿ ಸುತ್ತಿಗೆ ಹಿಡ್ಕೋ."

ನನಗೆ ಬೇಕಾಗಿದ್ದದ್ದು ಆ ಸುತ್ತಿಗೆಯೇ. ಆದರೆ "ನನ್ನ ಕೈಲಿ ಆಗಲ್ಲ" ಎಂದು ಹೇಳಿ ಹೊರಗೆ ಬರುವುದು ಹೇಗೆ? ನನ್ನ ಸಿಟ್ಟು ಕಂಡು ಕೆಲಸದವರು ಇಟ್ಟ ಹೆಸರು ಕಿಡಿ. ಆ ಕಿಡಿ ಆರಿತು ಎಂದು ಅವರು ವರ್ಷವಿಡೀ ನಗುತ್ತಾರೆ. ಗೆದ್ದರೆ ಈ ಕೋಣೆ, ಸೋತರೆ ಆ ನಗು.

ಕೋಣೆಯೋ, ಕಬ್ಬಿಣದ ಧೂಳು ಬರಬಾರದೆಂದು ಕಿಟಕಿಗಳನ್ನೆಲ್ಲ ಸ್ಕ್ರೂ ಹಾಕಿ ಬಿಗಿದ ಡಬ್ಬ. ಮುಂದೊಂದು ಕಂಪ್ಯೂಟರು, ಹಿಂದೆ ಫೈಲುಗಳ ಬೀರು, ನಡುವೆ ನನ್ನ ಮೊಣಕಾಲಿಗೂ ಜಾಗ ಸಾಲದು. ಪಕ್ಕದಲ್ಲಿ ಅತ್ತಿಗೆ. ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡಿ ನಿವೃತ್ತಿಯಾದವಳು, ಈಗ ಕಾರ್ಖಾನೆಯ ಆಫೀಸು ನೋಡಿಕೊಳ್ಳುತ್ತಾಳೆ. ಅವಳು ತೆರೆದುಕೊಟ್ಟದ್ದು ಒಂದು ಆನ್‌ಲೈನ್ ಕ್ಯಾಲ್ಕುಲೇಟರು. ಸಮೀಕರಣ ಬರೆದರೆ ಅದು ಚೌಕಳಿಯ ಮೇಲೆ ಗೆರೆ ಎಳೆದು ತೋರಿಸುತ್ತದೆ. ಅದೇ ಸಮೀಕರಣವನ್ನು ಹೊಸ ಯಂತ್ರಕ್ಕೆ ಕಳಿಸಿದರೆ ಯಂತ್ರ ತಗಡನ್ನು ಅದೇ ಗೆರೆಗೆ ಕೊಯ್ಯುತ್ತದೆ.

"ಒಂದು ಚೌಕ ಅಂದ್ರೆ ಒಂದಡಿ," ಎಂದಳು ಅತ್ತಿಗೆ. "ಎಡಗಡೆ ಕಂಬ ಸೊನ್ನೇಲಿ, ಬಲಗಡೆ ಕಂಬ ಎಂಟರಲ್ಲಿ. ಮೊದಲು ವೈ ಸಮ ಎಕ್ಸ್ ವರ್ಗ ಬರಿ."

ಬರೆದೆ. "ಇದೇನತ್ತಿಗೆ, ಬೋಗುಣಿ ಬಂತು?"

"ಬೋಗುಣೀನೇ. ಮುಂದೆ ಒಂದು ಮೈನಸ್ ಹಾಕು, ಬೋರಲಾಗುತ್ತೆ."

ಬೋರಲಾಯಿತು. ತೀರಾ ಕಡಿದಾಗಿತ್ತು, ಎಂಟನೇ ಒಂದರಿಂದ ಗುಣಿಸಿದೆ, ಅಗಲವಾಯಿತು. ಕೊನೆಯಲ್ಲಿ ಪ್ಲಸ್ ಎರಡು ಸೇರಿಸಿದೆ, ಎರಡಡಿ ಮೇಲೆದ್ದಿತು. ಆದರೆ ಕಮಾನಿನ ನೆತ್ತಿ ಎಡಗಂಬದ ಮೇಲೆಯೇ ಕುಳಿತಿತ್ತು. ಅದು ನಾಲ್ಕಡಿ ಬಲಕ್ಕೆ ಬರಬೇಕು. ಎಕ್ಸ್ ಪಕ್ಕದಲ್ಲಿ ಪ್ಲಸ್ ನಾಲ್ಕು ಹಾಕಿ ಆವರಣ ಕಟ್ಟಿದೆ. ಇಡೀ ಕಮಾನು ಎಡಕ್ಕೆ ಹಾರಿ ಗೇಟಿನಿಂದಾಚೆ ನಿಂತಿತು.

"ರಸ್ತೆಗೆ ಹೋಯ್ತಲ್ಲ!"

"ಮೈನಸ್ ಹಾಕ್ಬೇಕು."

"ಮೇಲೆ ಹೋಗೋಕೆ ಪ್ಲಸ್ಸು, ಬಲಕ್ಕೆ ಹೋಗೋಕೆ ಮೈನಸ್ಸಾ? ಇದನ್ನ ಮಾಡಿದವನಿಗೆ ತಲೆ ನೆಟ್ಟಗಿತ್ತಾ?" ಮೇಜಿಗೆ ಗುದ್ದಿದೆ.

"ನಾನು ಪಾಠ ಮಾಡಿದ ಮಕ್ಕಳೆಲ್ಲ ಕೇಳಿದ್ದು ಇದನ್ನೇ. ಆದ್ರೆ ಅವರ್ಯಾರೂ ಮೇಜು ಗುದ್ದಲಿಲ್ಲ ಕಣಯ್ಯ. ಅದು ನಿನ್ನ ಕುಲುಮೆಯ ಅಡೆಗಲ್ಲಲ್ಲ." ಹೊರಗೆ ಫೋನು ಬಡಿದುಕೊಂಡಿತು. "ಯೋಚನೆ ಮಾಡ್ತಿರು, ಬಂದೆ" ಎಂದು ಎದ್ದು ಹೋದಳು.

ಯೋಚಿಸಿದೆ. ಟೇಪಿನ ತುದಿ ಸವೆದಿದ್ದರೆ ನಾವು ಸೊನ್ನೆಯಿಂದ ಅಳೆಯುವುದಿಲ್ಲ. ಒಂದಡಿಯ ಗುರುತನ್ನು ಅಂಚಿಗೆ ಹಿಡಿದು, ಬಂದ ಅಳತೆಯಲ್ಲಿ ಒಂದನ್ನು ಕಳೆಯುತ್ತೇವೆ. ಇಲ್ಲೂ ಅಷ್ಟೇ. ನೆತ್ತಿ ಇರುವುದು ನಾಲ್ಕರ ಗುರುತಿನಲ್ಲಿ. ನೆತ್ತಿಯಿಂದ ಎಷ್ಟು ದೂರ ಎಂದು ಕೇಳಿದರೆ, ಟೇಪಿನಲ್ಲಿ ಓದಿದ್ದರಿಂದ ನಾಲ್ಕು ಕಳೆಯದೆ ಬೇರೆ ದಾರಿಯಿಲ್ಲ. ಮೈನಸ್ಸೇ ಸರಿ.

ಕೈ ಕೀಲಿಮಣೆಗೆ ಹೋಯಿತು. ಅಲ್ಲೇ ನಿಲ್ಲಿಸಿದೆ.

ತಿದ್ದಿದರೆ ನಾಳೆಯಿಂದ ಈ ಡಬ್ಬವೇ ಗತಿ. ತಿದ್ದದಿದ್ದರೆ? ಅಣ್ಣ ಬರುತ್ತಾನೆ, ರಸ್ತೆಗೆ ಹೋದ ಕಮಾನು ನೋಡುತ್ತಾನೆ, ನಾಲ್ಕು ಬಯ್ದು ಆಚೆ ಅಟ್ಟುತ್ತಾನೆ. ನನ್ನಿಂದಾಗಲ್ಲ ಎಂದು ನಾನು ಹೇಳಬೇಕಾಗಿಯೂ ಇಲ್ಲ. ಕೆಲಸದವರು ನಕ್ಕರೆ ನಗಲಿ. ಪ್ಲಸ್ಸನ್ನು ಹಾಗೆಯೇ ಬಿಟ್ಟು ಕೈಕಟ್ಟಿ ಕುಳಿತೆ.

ಅಣ್ಣ ಬಂದ. ಪರದೆಯ ಹತ್ತಿರ ಮುಖ ತಂದು ನೋಡಿದ. ಕಂಬ ಎಲ್ಲಿದೆ, ಸೊನ್ನೆ ಎಲ್ಲಿದೆ ಎಂದು ಅವನು ಕೇಳಲೇ ಇಲ್ಲ. ಕಂಡದ್ದು ನುಣುಪಾದ ಕಮಾನು, ಅಷ್ಟೇ.

"ಭೇಷ್. ಹೀಗೇ ಇರ್ಬೇಕು. ಕಳಿಸು ಯಂತ್ರಕ್ಕೆ."

ಗಾಜಿನಾಚೆ, ಕುಲುಮೆಯಲ್ಲಿ ನನ್ನ ಕೈಕೆಳಗಿದ್ದ ಹುಡುಗ ಗಿಡ್ಡ, ತಗಡನ್ನು ಯಂತ್ರದ ಮೇಜಿಗೆ ಬಿಗಿಯುತ್ತಿದ್ದ. ಮೇಜಿನ ಎಡ ತುದಿಯೇ ಸೊನ್ನೆ. ಸೊನ್ನೆಯಿಂದಾಚೆ ತಗಡೂ ಇಲ್ಲ, ಮೇಜೂ ಇಲ್ಲ. ಹೀಗೇ ಕಳಿಸಿದ್ದರೆ ತಗಡು ಕೊಯ್ಯುವ ಉರಿಯ ಮೂತಿ ಅಲ್ಲಿಗೆ ನುಗ್ಗಿ ಅಂಚಿನ ಕಂಬಿಗೆ ಗುದ್ದುತ್ತಿತ್ತು, ಮತ್ತು ಗಿಡ್ಡ ನಿಂತಿದ್ದದ್ದು ಅಲ್ಲೇ.

"ಅಣ್ಣ, ಇದು ತಪ್ಪಾಗಿದೆ."

"ತಪ್ಪಾ? ಎಲ್ಲಿ?"

ತಪ್ಪು ಎಲ್ಲಿದೆ ಎಂದು ತೋರಿಸಬಲ್ಲವನು ತನಗೆ ಬರುವುದಿಲ್ಲ ಎಂದು ಹೇಗೆ ಹೇಳಿಯಾನು? ಪ್ಲಸ್ ಅಳಿಸಿ ಮೈನಸ್ ಒತ್ತಿದೆ. ಕಮಾನು ಜಾರಿಬಂದು ಎರಡು ಕಂಬಗಳ ಮಧ್ಯೆ ಕುಳಿತಿತು. ಕಳಿಸಿದೆ.

ಅಣ್ಣ ನನ್ನ ಬೆನ್ನು ತಟ್ಟಿದ. "ತಪ್ಪನ್ನೂ ನೀನೇ ಹಿಡಿದೆಯಲ್ಲೋ. ಇನ್ನು ಬೇರೆಯವರು ಯಾಕೆ?" ಬಾಗಿಲು ತೆರೆದು ಗಿಡ್ಡನನ್ನು ಕರೆದ. "ಲೋ, ಇವತ್ತಿಂದ ಕುಲುಮೆ ನೀನೇ ನೋಡ್ಕೋ." ಗಿಡ್ಡ ಹಲ್ಲು ಬಿಟ್ಟು ನನ್ನ ಕಡೆಗೊಮ್ಮೆ ನೋಡಿದ. ಅವನ ತಪ್ಪೇನಿದೆ? ಆದರೂ ಅವನ ಕೆನ್ನೆಗೆ ಬಾರಿಸಬೇಕೆನಿಸಿತು.

ಅತ್ತಿಗೆ ಒಳಗೆ ಬಂದಳು. ಪರದೆ ನೋಡಿದಳು, ಆಮೇಲೆ ನನ್ನ ಮುಖ. ನಡೆದದ್ದನ್ನೆಲ್ಲ ಅವಳಿಗೆ ಹೇಳಿ ಅಣ್ಣ ಹೊರಟ ಮೇಲೆ ಬಾಗಿಲು ಹಾಕಿದಳು.

"ಬೇಕಂತಲೇ ಬಿಟ್ಟಿದ್ದೆ ಅಲ್ವಾ?"

"ಹೂಂ."

"ಮತ್ಯಾಕೆ ತಿದ್ದಿದೆ?"

"ಗಿಡ್ಡ ಅಲ್ಲಿ ನಿಂತಿದ್ದ."

ಅವಳು ತನ್ನ ಕುರ್ಚಿ ಎಳೆದುಕೊಂಡಳು. "ಶಾಲೆಯವರದೇ ಫೋನು. ಹಿಂದಿನ ಗೇಟಿಗೂ ಕಮಾನು ಬೇಕಂತೆ. ಅಗಲ ಹನ್ನೆರಡಡಿ."

ಹನ್ನೆರಡಾದರೆ ಎಕ್ಸ್ ಮೈನಸ್ ಆರು. ನಾನು ಕರೆಯದೆಯೇ ಅದು ತಲೆಗೆ ಬಂದು ಕುಳಿತಿತ್ತು.

"ಎತ್ತರ ಎಷ್ಟಂತೆ?" ಎಂದು ಕೇಳಿದೆ.