ತಾತನ ಗಳಿಗೆ ಬಟ್ಟಲು

ಬಟ್ಟಲ ಅಂಚು ಇನ್ನೂ ಎರಡು ಬೆರಳು ಮೇಲಿದೆ, ಮುಳುಗಬೇಡ ತಾಯಿ, ತಳದ ಸಣ್ಣ ತೂತಿನಿಂದ ನೀರು ಬುಗುಬುಗು ಏರುತ್ತಿದೆ, ಹಂಡೆಯಲ್ಲಿ ತೇಲುತ್ತಿರುವ ಈ ಕೊನೆಯ ಬಟ್ಟಲು ಮುಳುಗಿದರೆ ಮುಹೂರ್ತ ಮುಗಿಯಿತು, ಅದರೊಳಗೆ ನನ್ನ ಕೊರಳಿಗೆ ತಾಳಿ ಬೀಳಬೇಕು, ಕಟ್ಟುವವರೇ ಬಂದಿಲ್ಲ — ಪಾವಗಡದಿಂದ ಹೊರಟ ಇದ್ದಿಲು ಬಸ್ಸು ಮಿಡಿಗೇಶಿ ಹತ್ತಿರ ಕೆಟ್ಟು ನಿಂತಿದೆಯಂತೆ, ಯಾವ ದೇಶದ ಯುದ್ಧವೋ, ಪೆಟ್ರೋಲು ನುಂಗಿ ಈಗ ನನ್ನ ಮದುವೆಗೂ ಅಡ್ಡ ಬಂತು, ಅಳು ಬರಬೇಕಾದಲ್ಲಿ ನಗು ಬರುತ್ತಿದೆ, ಸರೋಜಾ ತಲೆ ತಗ್ಸೇ ಎಂದು ಅಮ್ಮ ತಿವಿಯುತ್ತಾಳೆ, ತಗ್ಗಿಸಿದರೆ ಕಾಣುವುದು ಬಟ್ಟಲೇ. ಕೊರಟಗೆರೆಯ ಸೋದರಮಾವ ಅಲಾರಂ ಗಡಿಯಾರವನ್ನು ಎದೆಗವಚಿಕೊಂಡು ನಿಂತಿದ್ದಾನೆ, ಮುಹೂರ್ತ ಮೀರೋಯ್ತು ಯಜಮಾನ್ರೇ, ಇನ್ನ ಆ ಗಂಡು ಬರಾಕಿಲ್ಲ, ನಮ್ ಶಂಕರಲಿಂಗ ಇಲ್ವಾ, ಅವ್ನ ಕೈಲೇ ಕಟ್ಟುಸ್ಬುಡಾನ — ಶಂಕರಲಿಂಗಪ್ಪ ಅಂದರೆ ಈ ಮಾವನ ಮಗನೇ, ಒಳಗೆ ಮತ್ತೆ ಉಪ್ಪಿಟ್ಟಿಗೆ ಕೂತಿದ್ದಾನೆ, ಪಾಪ ಒಳ್ಳೆಯವನೇ, ಆದರೆ ನನಗೆ ರೇಣುಕಯ್ಯನವರೇ ಬೇಕು, ಹೆಣ್ಣು ನೋಡಲು ಬಂದ ದಿನ ಬಿಸಿ ಕಾಫಿಗೆ ನಾಲಗೆ ಸುಟ್ಟುಕೊಂಡು, ಬಾಯಿಬಿಡದೆ ಕಣ್ಣಲ್ಲಿ ನೀರು ತಂದುಕೊಂಡವರು, ನನಗೊಬ್ಬಳಿಗೇ ಕಂಡಿತು, ಅವತ್ತೇ ಮನಸ್ಸು ಹೋಯಿತು. ತಾತ ಹಂಡೆಯ ಪಕ್ಕದಿಂದ ಅಲ್ಲಾಡುವುದಿಲ್ಲ, ಘಟಿ ಅಂದ್ರೆ ಮಡಕೆ ಕಣಪ್ಪ, ಹಿಂದಿನೋರು ನೀರ್ನಾಗೆ ಇಂಗೆ ಬಟ್ಲು ಬುಟ್ಟು ಹೊತ್ತು ಅಳೀತಿದ್ರು, ಆ ಘಟಿಯಿಂದ್ಲೇ ಗಳಿಗೆ, ಅದ್ರಿಂದ್ಲೇ ಗಡಿಯಾರ ಅನ್ನೋ ಹೆಸ್ರು, ನೀನು ತಬ್ಬಿಕೊಂಡಿರೋದು ನನ್ ಬಟ್ಲಿನ ಮೊಮ್ಮಗನ್ನ, ತಾತ ಕುಂತಿರೋವಾಗ ಮೊಮ್ಮಗನ ಮಾತು ಯಾರ್ ಕೇಳ್ತಾರೆ — ಚಪ್ಪರವೆಲ್ಲ ನಕ್ಕಿತು, ಮಾವನೂ ನಕ್ಕ. ನಿಜ ಹೇಳಬೇಕೆಂದರೆ ಮಾವನ ಗಡಿಯಾರವೇ ಸರಿ, ಗಳಿಗೆ ಎಣಿಸಬೇಕಾದ್ದು ಸೂರ್ಯ ಹುಟ್ಟಿದಾಗಿನಿಂದ, ನಮ್ಮ ಬಾಗಿಲಿಗೆ ಸೂರ್ಯ ಕಂಡ ಮೇಲೆ ತಾನೆ ತಾತ ಮೊದಲ ಬಟ್ಟಲು ಬಿಟ್ಟದ್ದು, ಮಧುಗಿರಿ ಬೆಟ್ಟ ನಮ್ಮ ಬೀದಿಗೆ ಮೂಡಲಲ್ಲೇ ಅಡ್ಡ ಕೂತಿದೆ, ಕೆರೆಯ ಬಯಲಲ್ಲಿ ಬಿಸಿಲು ಚುರುಕಾದ ಮೇಲೆಯೇ ನಮ್ಮ ಬಾಗಿಲಿಗೆ ಸೂರ್ಯ, ನೀರಿಗೆ ಹೋಗುವ ನನಗೆ ಗೊತ್ತಿಲ್ಲವೇ, ಹೇಳುತ್ತೇನೆಯೇ, ಬಾಯಿಗೆ ಬೀಗ, ಬೆಟ್ಟ ಕೊಟ್ಟ ಹೊತ್ತನ್ನು ಬೇಡ ಅನ್ನಲು ನಾನೇನು ಹುಚ್ಚಿಯೇ. ಒಂದು ಬೆರಳು ಉಳಿಯಿತು, ಬಟ್ಟಲು ವಾಲುತ್ತಿದೆ, ಅರ್ಧ ಬೆರಳು — ಬಸ್ಸಿನ ಹಾರನ್ ಕೇಳಿಸಿತು, ಬಂದ್ಬುಟ್ರು ಕಣಮ್ಮ ಬಂದ್ಬುಟ್ರು, ವಾಲಗ ಒಮ್ಮೆಲೇ ಎದ್ದಿತು, ಬಸ್ಸು ತಳ್ಳಿ ಮುಖವೆಲ್ಲ ಇದ್ದಿಲ ಮಸಿ, ಹಲ್ಲು ಮಾತ್ರ ಬಿಳಿ, ಇವರೇ, ನನ್ನ ಗಂಡ ಇವರೇ, ಸಂತೋಷಕ್ಕೆ ಎದೆ ಒಡೆಯುತ್ತದೆ, ಕತ್ತಿನ ಹಿಂದೆ ಅವಸರದ ಬೆರಳು, ಒಂದನೇ ಗಂಟು, ಎರಡನೆಯದು, ನೀರು ಅಂಚು ಹತ್ತಿತು, ಮೂರನೆಯದು ಬಿತ್ತು — ಬಟ್ಟಲು, ನೀರಿನೊಳಗೆ ಇಳಿಯುತ್ತಿರುವ ಬಟ್ಟಲು